ಸುಮ್ಮನಿರುವ ಹೊತ್ತು

ಲಿಫ್ಟಿನಲ್ಲಿ ಅಮ್ಮ ಗುರುತು ಪರಿಚಯವಿಲ್ಲದವರ ಹತ್ತಿರ ಹೇಳಿಕೊಳ್ಳುತ್ತಿದ್ದಳು. "ನನ್ನ ಮಗ ಉತ್ತರ ಕೊಟ್ಟ, ಗೊತ್ತಾ? ಮುಷ್ಟಿ ಕಟ್ಟು ಅಂದ್ರು, ಕಟ್ಟಿದ. ಕೈ ಅಲ್ಲಾಡಲಿಲ್ಲ ಅಷ್ಟೆ, ತಲೆಯೊಳಗೇ ಕಟ್ಟಿದ. ಮಿಷನ್ನಲ್ಲಿ ಬಂತು." ಎಕ್ಸ್‌ರೇ ಕವರನ್ನು ಎದೆಗೊತ್ತಿಕೊಂಡು ನಿಂತಿದ್ದ ಆ ಮನುಷ್ಯ "ಒಳ್ಳೇದಾಯ್ತು ಬಿಡಿ ತಾಯಿ," ಎಂದು, ಮಗಳಿಗೂ ಅದರಲ್ಲಿ ಪಾಲಿರಲಿ ಎನ್ನುವಂತೆ ಅವಳ ಕಡೆ ತಿರುಗಿ ನಕ್ಕ. ಅವಳೂ ನಕ್ಕಳು. ನಗದೆ ತಪ್ಪಿಸಿಕೊಳ್ಳೋಣವೆಂದರೆ ಸುತ್ತ ಉಕ್ಕಿನ ಗೋಡೆ, ಗೋಡೆಯಲ್ಲೆಲ್ಲ ಅವಳದೇ ಮಂಕು ಮುಖ. ಅಮ್ಮನ ಮುಖ ಮಾತ್ರ ಒಂದು ವಾರದಿಂದ ಇಷ್ಟಗಲವಾಗಿತ್ತು. ಕಾರಿಡಾರು ಗುಡಿಸುವವಳಿಗೆ, ಕ್ಯಾಂಟೀನಿನ ಗಲ್ಲಾದವನಿಗೆ, ಪಕ್ಕದ ಹಾಸಿಗೆಯ ನೆಂಟರಿಗೆ, ಹೀಗೆ ಸಿಕ್ಕಸಿಕ್ಕವರಿಗೆಲ್ಲ ಆ ಮುಷ್ಟಿಯ ಸುದ್ದಿ ಹಂಚಿದ್ದಳು. ಇವತ್ತು ಆ ಮುಷ್ಟಿಯನ್ನು ಮತ್ತೊಮ್ಮೆ ಪರೀಕ್ಷೆಗೆ ಇಡುತ್ತಾರೆ. ಹಾಗೆ ಇಡಿಸಿದವಳು ಮಗಳಾದ ತಾನೇ. ಲಿಫ್ಟು ಕುಲುಕಿ ನಿಂತಿತು. ಬಾಗಿಲು ತೆರೆಯುವ ಮೊದಲು ಯಾವಾಗಲೂ ತಡೆಯುವ ಹಾಗೆ ಒಂದು ಗಳಿಗೆ ತಡೆಯಿತು. ಇದು ತೆರೆಯದಿದ್ದರೇ ವಾಸಿ ಎಂದು ಅವಳಿಗೆ ಅನ್ನಿಸಿತು.

ಅವಳ ಕೆಲಸ ಭೂಮಿಯ ನಡುಕ ಓದುವುದು. ಊರೂರಿನಲ್ಲಿ ನೆಲದಡಿ ಹೂತಿಟ್ಟ ಯಂತ್ರಗಳು ದಿನವಿಡೀ ಗೆರೆ ಕಳಿಸುತ್ತವೆ, ಗೆರೆ ಕುಣಿದಾಗಲೆಲ್ಲ ಅದು ಭೂಮಿಯೋ ಲಾರಿಯೋ ಎಂದು ಹೇಳಬೇಕು. ಹೆಚ್ಚುಪಾಲು ಲಾರಿಯೇ. ಇಲ್ಲವೆಂದರೆ ಕಲ್ಲುಗಣಿಯ ಸಿಡಿಮದ್ದು, ಗಾಳಿಗೆ ತೊಯ್ದಾಡುವ ಮರದ ಬೇರು, ಯಂತ್ರದ ಗೂಡಿಗೆ ಮೈ ಉಜ್ಜುವ ದನ. ಹೊಸದಾಗಿ ಸೇರಿದವರು ಗೆರೆ ಎದ್ದದ್ದೇ ತಡ ಓಡಿಬರುತ್ತಾರೆ, ಅವಳು ಕನ್ನಡಕ ಏರಿಸಿ ನೋಡಿ "ಅಲ್ಲ" ಎನ್ನುತ್ತಾಳೆ. ಬೆನ್ನ ಹಿಂದೆ ಅವಳಿಗೆ ಅಲ್ಲ ಮೇಡಂ ಎಂದೇ ಹೆಸರು. ಗೊತ್ತಿದ್ದೂ ಅವಳಿಗೆ ಬೇಸರವಿರಲಿಲ್ಲ, ಒಳಗೊಳಗೆ ಸ್ವಲ್ಪ ಜಂಬವೇ ಇತ್ತು. ಒಂದೇ ಯಂತ್ರ ಕಂಡದ್ದನ್ನು ನಂಬಬಾರದು, ಬೇರೆ ಬೇರೆ ಕಡೆಯ ಮೂರಾದರೂ ಒಂದೇ ಮಾತು ಹೇಳಬೇಕು. ಇದು ಅವಳ ಕಚೇರಿಯ ಕಟ್ಟಳೆ, ಬರುಬರುತ್ತಾ ಅವಳ ಸ್ವಭಾವವೂ ಆಗಿತ್ತು. ಮದುವೆಯಾದ ಹೊಸತರಲ್ಲಿ ಗಂಡ ಏನೋ ಮೆಚ್ಚಿ ಹೇಳಿದರೆ ಇನ್ನಿಬ್ಬರು ಹೇಳಲಿ ನೋಡೋಣ ಎನ್ನುವಂತೆ ನೋಡುತ್ತಾಳೆ ಎಂದು ಛೇಡಿಸಿದವನು ತಮ್ಮ. "ಅಕ್ಕ, ಆಕಾಶವೇ ಕಳಚಿ ಬಿದ್ರೂ ನೀನು ಲಾರಿ ಅಂತೀಯ," ಅಂದಿದ್ದ. ಆಮೇಲೆ ಬಿದ್ದವನು ಅವನೇ. ನಾಟಕದ ದೀಪ ಕಟ್ಟುವುದಕ್ಕೆ ಏಣಿ ಹತ್ತಿದ್ದ. ಕೆಳಗೆ ಏಣಿ ಹಿಡಿದಿದ್ದವನು ಫೋನ್ ಬಂತೆಂದು ಒಂದು ಕೈ ಬಿಟ್ಟ.

ಹೋದ ವಾರದ ಮೊದಲ ಪರೀಕ್ಷೆ ಹೀಗೆ ನಡೆದಿತ್ತು. ತಮ್ಮನ ಬೋಳಿಸಿದ ತಲೆಗೆ ತಂತಿ ತುಂಬಿದ ಟೋಪಿ ಹಾಕಿ, ತಣ್ಣಗಿನ ಅಂಟು ಹಚ್ಚಿ, ಡಾಕ್ಟರು ಕಿವಿಯ ಹತ್ತಿರ ಬಾಗಿ "ಬಲಗೈ ಮುಷ್ಟಿ ಕಟ್ಟಿ" ಎನ್ನುವುದು. ಸ್ವಲ್ಪ ಹೊತ್ತು ಬಿಟ್ಟು "ಈಗ ಬಿಡಿ, ಸುಮ್ಮನಿರಿ" ಎನ್ನುವುದು. ಕೈ ಏಳದಿದ್ದರೂ ಮಾತು ತಿಳಿದವನ ಮೆದುಳಿನಲ್ಲಿ ಆ ಎರಡು ಹೊತ್ತಿನ ನಡುವೆ ವ್ಯತ್ಯಾಸ ಕಾಣುತ್ತದೆಯಂತೆ. ಕಂಡಿತ್ತು. ಡಾಕ್ಟರು ಖುಷಿಯಾಗಿ ಅವಳನ್ನು ಕರೆದು, "ನೀವೂ ನಮ್ಮ ಹಾಗೆ ಗೆರೆ ಓದೋ ಜನ, ನೋಡಿ ಮೇಡಂ," ಎಂದು ಪರದೆ ತಿರುಗಿಸಿದ್ದರು. ಅವಳು ನೋಡಿದಳು. ನೋಡಿದ್ದೇ ತಪ್ಪಾಯಿತು. ಗೆರೆ ಏರಿದ್ದು ನಿಜ; ಆದರೆ ಡಾಕ್ಟರು ಮಾತು ಶುರು ಮಾಡುವುದಕ್ಕಿಂತ ಒಂದು ಚೂರು ಮೊದಲೇ ಏರಿತ್ತು. ಒಂದು ಸಲ ಅಲ್ಲ, ಪ್ರತಿ ಸಲ. ಕೇಳುವ ಮೊದಲೇ ಉತ್ತರ ಕೊಡುವವರು ಯಾರು? ಮುಂದೆ ಏನು ಬರುತ್ತದೆಂದು ಗೊತ್ತಿರುವವರು. ಮಂಚದ ಆ ಬದಿಯಲ್ಲಿ ಅಮ್ಮ ಮಗನ ಬಲಗೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡು ಕೂತಿದ್ದಳು. ಒಮ್ಮೆ ಮುಷ್ಟಿ, ಒಮ್ಮೆ ಸುಮ್ಮನೆ, ಈ ಸರದಿ ಅವಳಿಗೆ ಬಾಯಿಪಾಠವಾಗಿತ್ತು; ಮುಷ್ಟಿಯ ಸರದಿ ಬಂತೆನ್ನುವಾಗ ತನಗೆ ತಿಳಿಯದೆ ತಾನೇ ಹಿಚುಕುತ್ತಿದ್ದಳು. ತಂತಿಗಳು ಆ ಕುಲುಕಾಟವನ್ನು ಎತ್ತಿಕೊಂಡಿದ್ದವು. ಲಾರಿ.

ಅಮ್ಮ ಇಲ್ಲದಾಗ ಡಾಕ್ಟರಿಗೆ ಇದನ್ನು ಹೇಳಿದಳು. ಅವರು ಪೆಚ್ಚಾದರು, ಆದರೆ ದೊಡ್ಡ ಮನುಷ್ಯರು, "ನನಗೆ ಹೊಳೀಲೇ ಇಲ್ಲ, ಥ್ಯಾಂಕ್ಸ್. ಕೋಣೇಲಿ ಯಾರೂ ಇಲ್ಲದ ಹಾಗೆ ಇನ್ನೊಂದು ಸಲ ಮಾಡೋಣ," ಎಂದರು. ಉತ್ತರ ಇದೆಯೆಂದಾದರೆ ಅವನನ್ನು ಇಲ್ಲೇ ಉಳಿಸಿಕೊಂಡು ದಿನವೂ ಮಾತಾಡಿಸಿ, ಕೈಕಾಲು ಕಲಿಸಲು ನೋಡುತ್ತಾರೆ. ಇಲ್ಲವೆಂದಾದರೆ ಊರಾಚೆಯ ಆರೈಕೆ ಮನೆ. ಅಲ್ಲಿ ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸಿ ಮೂಗಿನ ನಳಿಕೆಗೆ ಊಟ ಹುಯ್ಯುತ್ತಾರೆ, ಮಾತಾಡಿಸುವುದಿಲ್ಲ. ಸುದ್ದಿ ತಿಳಿದ ಅಮ್ಮ ಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. "ತಮ್ಮ ಪಾಸಾದ ಅಂದ್ರೆ ಪೇಪರ್ ಮತ್ತೆ ತಿದ್ದಿ ಅನ್ನೋ ಅಕ್ಕನ್ನ ನಾನು ಎಲ್ಲೂ ನೋಡಿಲ್ಲ ಕಣೇ. ಅವನಿಗೆ ಕೇಳಿಸೋದು ನಿನಗೆ ಬೇಡವಾ?" ಅಮ್ಮ ಸಿಟ್ಟಿಗೆ ಬಾಯಿಗೆ ಬಂದದ್ದು ಅಂದಿದ್ದಳು, ಅಷ್ಟೆ. ಮಗಳಿಗೆ ಮಾತ್ರ ಅದು ನಾಟಿತು.

ಯಾಕೆಂದರೆ ಬೇಡವಾಗಿತ್ತು. ಮೊದಲ ಪರೀಕ್ಷೆಗೂ ಮುಂಚಿನ ಒಂದು ಮಧ್ಯಾಹ್ನ, ತಮ್ಮನ ವಾರ್ಡಿನಲ್ಲಿ; ಮುಸುಕು ಬಿಸಿಲು, ಫ್ಯಾನು ಕಟಕಟ ಅನ್ನುತ್ತಿತ್ತು, ಅಮ್ಮ ಊಟಕ್ಕೆ ಕೆಳಗಿಳಿದಿದ್ದಳು. ಗಂಡ ಫೋನಿನಲ್ಲಿ ಹೇಗಿದ್ದಾನೆ ಎಂದು ಕೇಳಿದ. ಎಲ್ಲರೂ ಕೇಳುವ ಪ್ರಶ್ನೆ, ಅಷ್ಟರವರೆಗೆ ಎಲ್ಲರಿಗೂ ಹಾಗೇ ಇದ್ದಾನೆ ಎಂದು ಹೇಳಿಕೊಂಡೇ ಬಂದಿದ್ದಳು. ಆ ದಿನ ಮಾತ್ರ, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ತಮ್ಮನ ಹೊದಿಕೆಯ ಸುಕ್ಕು ಎಳೆಯುತ್ತಾ, ಅವನ ಅರೆತೆರೆದ ಕಣ್ಣನ್ನೇ ನೋಡುತ್ತಾ, ಹವೆಯ ವಿಷಯ ಹೇಳುವ ದನಿಯಲ್ಲಿ, "ಬಿದ್ದ ದಿನವೇ ಹೋಗಿಬಿಟ್ಟಿದ್ರೆ ಚೆನ್ನಾಗಿತ್ತು ಕಣ್ರೀ. ಅಮ್ಮನಿಗೂ ಬಿಡುಗಡೆ, ನಮಗೂ," ಎಂದಿದ್ದಳು. ಹೊದಿಕೆ ಸರಿಹೋಯಿತು. ಅವನ ರೆಪ್ಪೆ ಒಮ್ಮೆ ಬಡಿಯಿತು. ಅದು ಯಾವಾಗಲೂ ಬಡಿಯುತ್ತಿತ್ತು. ಅಲ್ಲ, ಎಂದು ಆಗಲೇ ತೀರ್ಮಾನ ಕೊಟ್ಟಾಗಿತ್ತು. ಈಗ ಡಾಕ್ಟರು ಹೌದು ಎಂದರೆ ಆ ರೆಪ್ಪೆಯೂ ಹೌದು. ಕಿವಿ ಮುಚ್ಚಿಕೊಳ್ಳಲಾರದೆ, ಮುಖ ತಿರುಗಿಸಲಾರದೆ, ಅವನು ಆ ಮಾತಿನ ಜೊತೆ ಅಂದಿನಿಂದ ಒಬ್ಬನೇ ಮಲಗಿದ್ದಾನೆ. ಇಲ್ಲ ಎಂದರೆ ಅವನೇ ಇಲ್ಲ. ಎರಡರಲ್ಲಿ ಯಾವುದನ್ನು ಬಯಸುವುದು? ಅಮ್ಮನ ಹಿಚುಕಾಟವನ್ನು ಪತ್ತೆ ಹಚ್ಚಿದ್ದು ತನ್ನ ಕಣ್ಣಿನ ಚುರುಕೋ, ತನ್ನ ಹೆದರಿಕೆಯೋ? ಗೆರೆ ಮೊದಲೇ ಏರಿದ್ದಂತೂ ನಿಜ, ಯಾರು ಬೇಕಾದರೂ ನೋಡಬಹುದು. ಆದರೆ ಮನಸ್ಸಿನಲ್ಲಿ ಬೇಡ ಎಂದುಕೊಂಡವಳಿಗೇ ಅದು ಕಂಡದ್ದು ಯಾಕೆ?

ಡಾಕ್ಟರು ಪೆನ್ನನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಆಗಲೇ ಕಾಯುತ್ತಿದ್ದರು. ಪರೀಕ್ಷೆಗೆಂದು ತಮ್ಮನನ್ನು ಮಲಗಿಸಿದ್ದ ಕೋಣೆಗೆ ಅಂಟಿಕೊಂಡೇ ಗಾಜಿನ ಕಿಟಕಿಯಿರುವ ಸಣ್ಣ ಕೋಣೆ; ಒಂದು ಮೇಜು, ಪರದೆ, ಮೈಕು, ಎರಡು ಪ್ಲಾಸ್ಟಿಕ್ ಕುರ್ಚಿ. ಇಬ್ಬರು ಕೂತರೆ ಮೂರನೆಯವರು ನಿಂತೇ ಇರಬೇಕು. "ಮನೆಯವರ ದನಿ ಆದ್ರೆ ಒಳ್ಳೇದು. ಅಮ್ಮನ ಕೈಲಿ ಹೇಳಿಸೋಣ ಅಂದ್ಕೊಂಡಿದ್ದೆ," ಎಂದರು. ಅಮ್ಮ ಮೈಕಿನ ಮುಂದೆ ಕೂತು "ಕಂದಾ" ಎಂದವಳೇ ಗಳಗಳನೆ ಅತ್ತಳು. ನರ್ಸು ಬಂದು ತೋಳು ಹಿಡಿದು ಹೊರಗಿನ ಬೆಂಚಿಗೆ ಕರೆದುಕೊಂಡು ಹೋದರು. ಉಳಿದವಳು ಅವಳು.

"ಸುಲಭ ಮೇಡಂ. ಈ ಗುಂಡಿ ಒತ್ತಿಕೊಂಡು ಮಾತಾಡಿದ್ರೆ ಅವರ ಕಿವಿಗೆ ಹೋಗುತ್ತೆ, ಕೆಂಪು ದೀಪ ಹತ್ತುತ್ತೆ. ಪರದೆ ಮೇಲೆ ಕೈ ಚಿತ್ರ ಬಂದಾಗ ಮುಷ್ಟಿ ಕಟ್ಟು ಅನ್ನಿ. ಖಾಲಿ ಆದಾಗ ಬಿಡು, ಸುಮ್ಮನಿರು ಅನ್ನಿ. ಆಮೇಲೆ ಅದು ಸುಮ್ಮನಿರೋ ಹೊತ್ತು, ಆಗ ಒಂದು ಸಣ್ಣ ಶಬ್ದವೂ ಹೋಗಬಾರದು. ಕೊನೇಲಿ ಮಿಷನ್ನೇ ಎರಡನ್ನೂ ಹೋಲಿಸಿ ಹೇಳುತ್ತೆ."

"ಗೊತ್ತು," ಎಂದಳು. ಇಷ್ಟು ವರ್ಷ ಅವಳು ಬೇರೆಯವರಿಗೆ ಹೇಳಿಕೊಟ್ಟದ್ದೇ ಅದು.

ಗಾಜಿನಾಚೆ ತಮ್ಮ ಮಲಗಿದ್ದ. ಟೋಪಿಯ ತಂತಿಗಳು, ಕಿವಿಗೆ ದಪ್ಪ ಹೆಡ್‌ಫೋನು, ಬಾಯಿ ಸ್ವಲ್ಪ ತೆರೆದಿತ್ತು. ಚಿಕ್ಕವನಿದ್ದಾಗ ಅವನಿಗೆ ಸತ್ತಂತೆ ಬಿದ್ದುಕೊಳ್ಳುವ ಆಟವೊಂದಿತ್ತು. ಶಾಲೆಗೆ ಎಬ್ಬಿಸಲು ಹೋದರೆ ನಾಲಿಗೆ ಹೊರಹಾಕಿ ಉಸಿರು ಕಟ್ಟಿಕೊಂಡು ಬಿದ್ದಿರುತ್ತಿದ್ದ, ಅಮ್ಮ ಕೂಗಿದರೂ ಅಲುಗುತ್ತಿರಲಿಲ್ಲ, ಅಪ್ಪ ಗದರಿದರೂ ಇಲ್ಲ. ಅವಳು ಹೋಗಿ ಅಂಗಾಲಿಗೆ ಕಚಗುಳಿ ಇಟ್ಟರೆ ಮೊದಲು ಹೆಬ್ಬೆರಳು ಮಡಚಿಕೊಳ್ಳುತ್ತಿತ್ತು, ಆಮೇಲೆ ಹೊಟ್ಟೆ ಕುಲುಕುತ್ತಿತ್ತು, ಆಮೇಲೆ ನಗು. ಇಲ್ಲಿಗೆ ಬಂದ ಹೊಸತರಲ್ಲಿ ಯಾರೂ ಇಲ್ಲದಾಗ ಅವಳು ಹೊದಿಕೆ ಸರಿಸಿ ಅಂಗಾಲು ಗೀರಿ ನೋಡಿದ್ದಳು. ಹೆಬ್ಬೆರಳು ಮಡಚಿಕೊಂಡಿತು! ಉಸಿರು ಬಿಗಿಹಿಡಿದು ಹೊಟ್ಟೆಯನ್ನೇ ನೋಡುತ್ತಾ ಕಾದಳು. ಯಾವ ಮಾಯದಲ್ಲೋ ಬಂದು ನಿಂತಿದ್ದ ನರ್ಸು, "ಅದು ಬೆನ್ನುಹುರಿ ಮಾಡೋ ಕೆಲಸ ಅಮ್ಮ, ಮೆದುಳಿಗೆ ಗೊತ್ತೂ ಆಗಲ್ಲ," ಎಂದು, ಮಕ್ಕಳ ಕೈಯಿಂದ ಏನನ್ನೋ ಬಿಡಿಸಿಕೊಳ್ಳುವ ಹಾಗೆ ಮೆಲ್ಲಗೆ ಹೊದಿಕೆ ಮುಚ್ಚಿದ್ದರು. ಓದಿದ ಹೆಂಗಸು ಕಳ್ಳಿಯ ಹಾಗೆ ತಮ್ಮನ ಕಾಲು ಹಿಡಿದು ಸಿಕ್ಕಿಬಿದ್ದಿದ್ದಳು. ಆ ನಾಚಿಕೆ ಇನ್ನೂ ಮೈಮೇಲೇ ಇತ್ತು.

ಪರೀಕ್ಷೆ ಶುರುವಾಯಿತು. ಪರದೆಯಲ್ಲಿ ಕೈ ಬಂತು. ಗುಂಡಿ ಒತ್ತಿ, "ಬಲಗೈ ಮುಷ್ಟಿ ಕಟ್ಟು," ಎಂದಳು. ತನ್ನ ದನಿ ರೈಲ್ವೆ ಸ್ಟೇಷನ್ನಿನ ದನಿಯ ಹಾಗೆ ಕೇಳಿಸಿತು. ಪಕ್ಕದಲ್ಲಿ ಗೆರೆಗಳು ಸಾಗುತ್ತಿದ್ದವು. ಹೋದ ಸಲ ಡಾಕ್ಟರು ಬೆರಳು ತೋರಿಸಿದ್ದ ಆ ಒಂದು ಗೆರೆಯನ್ನು ನೋಡದಿರಲು ಪ್ರಯತ್ನಪಟ್ಟಳು, ಆಗಲಿಲ್ಲ. ಅದು ಮಂದವಾಗಿ ತನ್ನ ಪಾಡಿಗೆ ಹೋಗುತ್ತಿತ್ತು. "ಬಿಡು, ಸುಮ್ಮನಿರು." ಮತ್ತೆ ಕೈ, ಮತ್ತೆ ಖಾಲಿ. ಬಾಗಿಲು ತಟ್ಟಿ ನರ್ಸು ತಲೆ ಹಾಕಿದರು, ಕೊನೆಯ ಹಾಸಿಗೆಯವರಿಗೆ ಉಸಿರಿನ ತೊಂದರೆಯಂತೆ. "ನೀವು ನಡೆಸ್ತಿರಿ ಮೇಡಂ, ನಿಲ್ಲಿಸಿದ್ರೆ ಮತ್ತೆ ಮೊದಲಿಂದ ಮಾಡಬೇಕಾಗುತ್ತೆ," ಎಂದು ಡಾಕ್ಟರು ಎದ್ದು ಹೋದರು. ಬಾಗಿಲು ಮುಚ್ಚಿಕೊಂಡಿತು. ಮುಷ್ಟಿ ಕಟ್ಟು. ಗೆರೆ ಮಂದ. ಇಲ್ಲ, ಎಂದುಕೊಂಡಳು. ಅವನಿಲ್ಲ, ಕೇಳಿಸಿಲ್ಲ, ನಾನು ಬಚಾವು. ಹಾಗೆಂದುಕೊಂಡದ್ದೇ ತಡ, ಗಾಜಿನಾಚೆಯ ಆ ಮುಖದ ಕಡೆ ತಿರುಗಿದಳು. ಬಚಾವಾದವಳು ಮತ್ತೆ ಮತ್ತೆ ಆ ಕಡೆಯೇ ಏಕೆ ನೋಡಬೇಕು? ಪರದೆ ಖಾಲಿಯಾಯಿತು. "ಬಿಡು, ಸುಮ್ಮನಿರು," ಎಂದು ಗುಂಡಿಯಿಂದ ಹೆಬ್ಬೆರಳು ಎತ್ತಬೇಕಾದವಳು ಎತ್ತಲಿಲ್ಲ.

"ಲೋ," ಎಂದಳು. ಕೆಂಪು ದೀಪ ಉರಿಯುತ್ತಲೇ ಇತ್ತು. "ನಾನು ಕಣೋ, ಅಕ್ಕ. ಅವತ್ತು ನಾನಂದಿದ್ದು ಕೇಳಿಸಿತೇನೋ?"

ಗೆರೆ ಏರಿತು.

ತಟ್ಟನೆ ಗುಂಡಿ ಬಿಟ್ಟಳು. ಅಲ್ಲ, ಎಂದು ಅಭ್ಯಾಸಬಲದಿಂದ ನಾಲಿಗೆ ತುದಿಗೆ ಬಂತು. ಕೈ ಚಿತ್ರ ಬಂತು. ಮುಷ್ಟಿ ಕಟ್ಟು ಎಂದಳು. ಗೆರೆ ಮಂದವಾಗಿ ಹೋಯಿತು. ಖಾಲಿ ಬಂತು. ಇಡೀ ವೃತ್ತಿಯಲ್ಲಿ ಮಾಡದ್ದನ್ನು ಅವಳು ಮತ್ತೆ ಮಾಡಿದಳು. ಸುಮ್ಮನಿರಬೇಕಾದ ಹೊತ್ತಿನಲ್ಲೆಲ್ಲ ಮಾತಾಡಿದಳು. ಏಣಿ ಹಿಡಿದಿದ್ದವನು ವಾರ್ಡಿನ ಹೊರಗೆ ಬಂದು ಒಳಗೆ ಬರಲಾರದೆ ಹೋಗುತ್ತಾನೆಂದು ಹೇಳಿದಳು. ನಿನ್ನ ದೀಪಗಳೆಲ್ಲ ನಮ್ಮ ಹಾಲಿನಲ್ಲಿವೆ, ಕಾಲಿಟ್ಟಲ್ಲೆಲ್ಲ ವೈರು, ನಿನ್ನ ಭಾವ ದಿನಕ್ಕೊಂದು ಸಲ ಎಡವಿ ನಿನ್ನನ್ನೇ ಬೈಯುತ್ತಾರೆ, ಎಂದಳು. ಗೆರೆ ಏರುತ್ತಿತ್ತು. ನಿಜವಾಗಿ ಏರುತ್ತಿತ್ತೋ, ತನಗೆ ಹಾಗೆ ಕಾಣುತ್ತಿತ್ತೋ? ಮನುಷ್ಯರ ದನಿ ಕಿವಿಗೆ ಬಿದ್ದರೆ ಸಾಕು, ಅರ್ಥವಾಗದಿದ್ದರೂ ಮೆದುಳು ಮಿಸುಕುತ್ತದೆಂದು ಡಾಕ್ಟರೇ ಹೇಳಿದ್ದರು. ಸರಿ. ಮುಷ್ಟಿ ಕಟ್ಟು ಎಂದದ್ದೂ ಇದೇ ದನಿಯಲ್ಲವೇ? ಅದಕ್ಕೆ ಮಲಗಿಯೇ ಇದ್ದ ಗೆರೆ ಇದಕ್ಕೇಕೆ ಏಳಬೇಕು? ಹೇಳಿದ್ದನ್ನು ಮಾಡುವ ಜಾಯಮಾನ ಅವನದಾಗಿರಲೇ ಇಲ್ಲ. ಎದ್ದೇಳು ಎಂದರೆ ಸತ್ತು ಬೀಳುತ್ತಿದ್ದ, ಸುಮ್ಮನಿರು ಎಂದರೆ ನಗುತ್ತಿದ್ದ. ಕೊನೆಯ ಖಾಲಿ ಬಂದಾಗ ಮೈಕಿಗೆ ತುಟಿ ತಾಗುವಷ್ಟು ಬಾಗಿದಳು. "ಹೋಗಿಬಿಟ್ಟಿದ್ರೆ ಚೆನ್ನಾಗಿತ್ತು ಅಂದೆನಲ್ಲ. ನಾನು ಅಂದಿದ್ದು ಹೌದು. ಸುಸ್ತಾಗಿತ್ತು ಕಣೋ. ಹೋಗಬೇಡ."

ಡಾಕ್ಟರು ಕೈ ಒರೆಸಿಕೊಳ್ಳುತ್ತಾ ಬಂದರು. ಅವರ ಹಿಂದೆಯೇ ಬೆಂಚಿನಿಂದ ಎದ್ದುಬಂದ ಅಮ್ಮ, ಒಳಗೆ ಜಾಗವಿಲ್ಲದೆ, ಬಾಗಿಲಲ್ಲಿ ನಿಂತಳು. ಡಾಕ್ಟರು ಏನೇನೋ ಒತ್ತಿದರು. ಪರದೆಯಲ್ಲಿ ಒಂದು ಚಕ್ರ ತಿರುಗಿತು, ಎರಡು ಕಂಬಗಳು ಮೂಡಿದವು. ಅವರು ಪೆನ್ನನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟರು. ಅದನ್ನು ನೋಡಿಯೇ ಅವಳಿಗೆ ಗೊತ್ತಾಯಿತು.

"ಸಾರಿ ಮೇಡಂ. ಮುಷ್ಟಿ ಅಂದಾಗ ಏನೂ ಇಲ್ಲ. ಸುಮ್ಮನಿರೋ ಹೊತ್ತಲ್ಲೇ ಗಲಾಟೆ ಜಾಸ್ತಿ ಕಾಣುತ್ತೆ. ಅಂದ್ರೆ ಅದು ಬರೀ ಗದ್ದಲ, ಉತ್ತರ ಅಲ್ಲ. ನಿಮ್ಮ ಅನುಮಾನವೇ ಸರಿಯಾಗಿತ್ತು."

"ಏನಂತೆ?" ಎಂದಳು ಅಮ್ಮ. ಮತ್ತೊಮ್ಮೆ, ದನಿ ತಗ್ಗಿಸಿ, ಯಾರಿಗೂ ತೊಂದರೆ ಕೊಡಬಾರದೆನ್ನುವ ಹಾಗೆ, "ಏನಂತೇ?" ಎಂದಳು. ಒಂದು ವಾರದಿಂದ ಅಗಲವಾಗಿದ್ದ ಆ ಮುಖ ಕಣ್ಣೆದುರೇ ಚಿಕ್ಕದಾಗುತ್ತಿತ್ತು.

ತನ್ನ ಅನುಮಾನವೇ ಸರಿ. ಯಾರೂ ಇನ್ನು ಅದನ್ನು ಕೆದಕುವುದಿಲ್ಲ. ಸಂಜೆಯೊಳಗೆ ಆರೈಕೆ ಮನೆಗೆ ಫೋನು ಹೋಗುತ್ತದೆ, ನಾಳೆ ಗಾಡಿ ಬರುತ್ತದೆ, ಹೊದಿಕೆಯ ಸುಕ್ಕು ಎಳೆದು ಕಳಿಸಿಕೊಟ್ಟರಾಯಿತು. ಆ ಗೆರೆ ಮಾತಿಗೆ ಏರಿದ್ದನ್ನು ಕಂಡವಳು ಅವಳೊಬ್ಬಳೇ. ಒಂದೇ ಯಂತ್ರ ಕಂಡದ್ದನ್ನು ಅವಳು ಎಂದಾದರೂ ನಂಬಿದ್ದುಂಟೇ? ಅದೂ ತನ್ನಂಥ, ಬೇಡ ಎನ್ನುತ್ತಿದ್ದು ಒಮ್ಮೆಲೇ ಬೇಕು ಬೇಕು ಎನ್ನತೊಡಗಿದ ಯಂತ್ರ. ಇನ್ನಿಬ್ಬರು ನೋಡಬೇಕು. ಅವರು ನೋಡಬೇಕೆಂದರೆ ಇವಳು ಬಾಯಿ ಬಿಡಬೇಕು. ಎದುರಿಗೆ ಮೇಜು, ಪಕ್ಕದಲ್ಲಿ ಡಾಕ್ಟರ ಕುರ್ಚಿ, ಬಾಗಿಲ ತುಂಬ ಅಮ್ಮ. ಆಚೆ ಹೋಗುವುದಕ್ಕೆ ಒಂದು ಅಡಿ ಜಾಗವಿರಲಿಲ್ಲ.

"ಈ ಪರೀಕ್ಷೆ ಕೆಟ್ಟಿದೆ ಡಾಕ್ಟ್ರೇ," ಎಂದಳು. "ಸುಮ್ಮನಿರೋ ಹೊತ್ತಲ್ಲಿ ಅವನ ಹತ್ರ ನಾನು ಮಾತಾಡಿದೆ. ಪ್ರತಿ ಸಲವೂ."

ಡಾಕ್ಟರು ನಂಬಲಾರದೆ ನೋಡಿದರು. "ನೀವಾ?" ಎಂದರು. ಆಮೇಲೆ ಪರದೆಯ ಕಡೆ ತಿರುಗಿ, ಕಂಬಗಳನ್ನು ಅಳಿಸಿ, ಗೆರೆಯನ್ನು ಹಿಂದಕ್ಕೆ ಎಳೆದು, ಬಹಳ ಹೊತ್ತು ನೋಡಿದರು. ಪೆನ್ನು ಮತ್ತೆ ಕೈಗೆ ಬಂದಿತ್ತು. "ಇಲ್ಲಿ... ಇಲ್ಲಿ... ಇಲ್ಲೂ. ಕೊನೇಲಿ ಎಲ್ಲಕ್ಕಿಂತ ಜಾಸ್ತಿ. ಇದೊಂದನ್ನೇ ನಂಬಿ ನಾನು ಏನೂ ಹೇಳೋಕಾಗಲ್ಲ. ಆದ್ರೆ ಇನ್ನೊಂದು ಸಲ ಮಾಡಬೇಕು, ಬೇರೆ ಥರ ಮಾಡಬೇಕು. ಕೊನೇಲಿ ಏನಂದಿರಿ ಮೇಡಂ? ನಿಮ್ಮ ಮಾತು ಇದ್ದದ್ದು ಇದ್ದ ಹಾಗೇ ಬೇಕು ನನಗೆ."

"ಹೇಳೇ," ಎಂದಳು ಅಮ್ಮ. "ಏನಂದೆ ನನ್ನ ಮಗನಿಗೆ?"

ಅವಳು ಗಾಜಿನಾಚೆ ನೋಡಿದಳು. ಅವನ ಕಿವಿಯ ಮೇಲೆ ಹೆಡ್‌ಫೋನು ಹಾಗೇ ಇತ್ತು. ತನ್ನ ಹೆಬ್ಬೆರಳು ಯಾವಾಗಿನಿಂದಲೋ ಗುಂಡಿಯ ಮೇಲೆಯೇ ಊರಿತ್ತು, ಕೆಂಪು ದೀಪ ಉರಿಯುತ್ತಿತ್ತು. ಬೆರಳು ತೆಗೆದರೆ ಅಮ್ಮನಿಗೂ ಡಾಕ್ಟರಿಗೂ ಮಾತ್ರ ಕೇಳಿಸುತ್ತದೆ. ಅವಳು ತೆಗೆಯಲಿಲ್ಲ. ಅಮ್ಮನ ಮುಖ ನೋಡುತ್ತಾ, ಅವತ್ತು ಗಂಡನಿಗೆ ಫೋನಿನಲ್ಲಿ ಅಂದ ಅದೇ ಮಾತಿನಿಂದ ಶುರು ಮಾಡಿದಳು.